ಗುಂಡಿನ ಗಾಯದ ಮೇಲಿನ ಮಸಿ: ಒರೆಸುವ ಮುಂಚೆ ಓದುವುದು ಹೇಗೆ

ಒದ್ದೆ ಗಾಜ್ ಬಟ್ಟೆ ಒಂದೇ ಒಂದು ಸಲ ಗಾಯದ ಮೇಲೆ ಹಾದುಹೋದರೆ ಸಾಕು. ಬಟ್ಟೆಗೆ ಬೂದು ಬಣ್ಣದ ಗೆರೆ ಹತ್ತುತ್ತದೆ, ಗಾಯ ಚೊಕ್ಕಟವಾಗುತ್ತದೆ. ಬಂದೂಕು ಎಷ್ಟು ದೂರದಲ್ಲಿತ್ತು ಎಂಬ ಪ್ರಶ್ನೆಗೆ ಉತ್ತರ ಆ ಬಟ್ಟೆಯ ಜೊತೆಗೇ ಕಸದ ಡಬ್ಬಿಗೆ ಹೋಗುತ್ತದೆ. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಶವ ನಮ್ಮ ಟೇಬಲ್ಲಿಗೆ ಬರುವ ಹೊತ್ತಿಗೆ ಯಾರೋ ಪಾಪ, ಮನೆಯವರು ನೋಡಿ ಹೆದರಬಾರದು ಅಂತ ಮುಖ ತೊಳೆದು ಕಳಿಸಿದ್ದರು. ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಆಮೇಲೆ ತಿಂಗಳುಗಟ್ಟಲೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, "ಹತ್ತಿರದಿಂದ ಹೊಡೆದಿದ್ದಾ, ದೂರದಿಂದಲಾ?" ನನ್ನ ಬಳಿ ಅರ್ಧ ಉತ್ತರ ಮಾತ್ರ ಇತ್ತು.

ಗಾಯವನ್ನು ಮೊದಲು ಮುಟ್ಟುವವರು ವಿಧಿವಿಜ್ಞಾನ ತಜ್ಞರಲ್ಲ. ತುರ್ತು ವಾರ್ಡಿನ ಡಾಕ್ಟರು, ನರ್ಸು, ಸ್ಥಳಕ್ಕೆ ಮೊದಲು ಹೋದ ಪೊಲೀಸರು, ಶವಾಗಾರದ ಸಹಾಯಕರು. ಈ ಲೇಖನ ಅವರಿಗೆ, ಈ ವಿಷಯ ಕಲಿಯುತ್ತಿರುವವರಿಗೆ, ಮತ್ತು ಇಂಥ ವರದಿ ಓದಿ ವಾದ ಮಾಡಬೇಕಾದ ಯುವ ವಕೀಲರಿಗೆ.

ಮೊದಲು, ಗುಂಡಿನ ಜೊತೆ ಏನೇನು ಹೊರಬರುತ್ತದೆ?

ಟ್ರಿಗರ್ ಎಳೆದಾಗ ಫೈರಿಂಗ್ ಪಿನ್ ಕಾಡತೂಸಿನ ಹಿಂಬದಿಯ ಪ್ರೈಮರಿಗೆ ಬಡಿಯುತ್ತದೆ. ಪ್ರೈಮರ್ ಒಳಗೆ ಬಡಿತಕ್ಕೆ ಹೊತ್ತಿಕೊಳ್ಳುವ ಮಿಶ್ರಣ ಇರುತ್ತದೆ. ಹೆಚ್ಚಿನ ಕಾಡತೂಸುಗಳಲ್ಲಿ ಅದು ಲೆಡ್ (ಅಂದರೆ ಸೀಸದ) ಸ್ಟಿಫ್ನೇಟ್, ಬೇರಿಯಂ ನೈಟ್ರೇಟ್ ಮತ್ತು ಆಂಟಿಮನಿ ಸಲ್ಫೈಡ್. ಅದರ ಕಿಡಿ ಮದ್ದಿಗೆ ಹತ್ತುತ್ತದೆ. ಇವತ್ತಿನ ಹೊಗೆರಹಿತ ಮದ್ದಿನಲ್ಲಿ ಮುಖ್ಯವಾಗಿ ಇರುವುದು ನೈಟ್ರೋಸೆಲ್ಯುಲೋಸ್, ಎಷ್ಟೋ ಸಲ ಅದರ ಜೊತೆ ನೈಟ್ರೋಗ್ಲಿಸರಿನ್. ಹೆಸರಿಗೆ ಹೊಗೆರಹಿತ, ಆದರೆ ಅದು ಪೂರ್ತಿ ಉರಿಯುವುದೇ ಇಲ್ಲ.

ಹೀಗಾಗಿ ನಳಿಕೆಯ ಬಾಯಿಂದ ಗುಂಡಿನ ಜೊತೆ ಬೆಂಕಿ, ಬಿಸಿ ಅನಿಲ, ಮಸಿ, ಅರ್ಧ ಉರಿದ ಮತ್ತು ಉರಿಯದೇ ಉಳಿದ ಮದ್ದಿನ ಕಾಳುಗಳೂ ಹೊರಬರುತ್ತವೆ. ಪ್ರೈಮರಿನ ಲೋಹಗಳು ಆ ಬಿಸಿಗೆ ಆವಿಯಾಗಿ, ತಣಿಯುವಾಗ ಸಣ್ಣ ಸಣ್ಣ ಗುಂಡಗಿನ ಮಣಿಗಳಾಗುತ್ತವೆ. ಹೆಚ್ಚಿನವು 10 ಮೈಕ್ರಾನಿಗಿಂತ ಚಿಕ್ಕವು, ಕಣ್ಣಿಗೆ ಕಾಣುವುದೇ ಇಲ್ಲ. ಇದೆಲ್ಲ ಸೇರಿ ಗುಂಡಿನ ಶೇಷ. ಲ್ಯಾಬಿನವರ ಬಾಯಲ್ಲಿ ಜಿಎಸ್‌ಆರ್.

ಒಂದು ಹಿಡಿ ಬೂದಿ, ಒಂದು ಹಿಡಿ ಮರಳು ತೆಗೆದುಕೊಂಡು ಎಸೆದು ನೋಡಿ. ಬೂದಿ ಕೈಯ ಹತ್ತಿರವೇ ಹರಡಿ ನಿಲ್ಲುತ್ತದೆ, ಮರಳು ಇನ್ನೂ ಸ್ವಲ್ಪ ದೂರ ಹೋಗುತ್ತದೆ. ಇಲ್ಲೂ ಹಾಗೆಯೇ. ಮಸಿ ಹಗುರ, ಬೇಗ ನಿಲ್ಲುತ್ತದೆ. ಮದ್ದಿನ ಕಾಳು ಅದಕ್ಕಿಂತ ಮುಂದೆ ಹೋಗುತ್ತದೆ. ಗುಂಡು ಎಲ್ಲಕ್ಕಿಂತ ದೂರ. ಗಾಯದ ಮೇಲೆ ಇವುಗಳಲ್ಲಿ ಯಾವುದು ಇದೆ, ಯಾವುದು ಇಲ್ಲ ಅಂತ ನೋಡಿಯೇ ದೂರವನ್ನು ಅಂದಾಜು ಮಾಡುವುದು.

ಹೆಜ್ಜೆ 1: ಜೀವ ಮೊದಲು, ಆದರೆ ಕತ್ತರಿ ಎಲ್ಲಿ ಹೋಗುತ್ತಿದೆ ನೋಡಿ

ಗಾಯಾಳು ಬದುಕಿದ್ದರೆ ಜೀವ ಉಳಿಸುವುದೇ ಮೊದಲ ಕೆಲಸ, ಇದರಲ್ಲಿ ಎರಡು ಮಾತಿಲ್ಲ. ಆದರೆ ಚಿಕಿತ್ಸೆಗೆ ಒಂದಿಷ್ಟೂ ತಡವಾಗದ ಹಾಗೆ ಮಾಡಬಹುದಾದ ಕೆಲವು ಕೆಲಸಗಳಿವೆ.

ಬಟ್ಟೆ ಕತ್ತರಿಸುವಾಗ ಗುಂಡು ತೂರಿದ ತೂತಿನ ಮೂಲಕ ಕತ್ತರಿ ಹಾಯಿಸಬೇಡಿ. ನಾಲ್ಕು ಬೆರಳು ಪಕ್ಕಕ್ಕೆ ಕತ್ತರಿಸಿ. ಅವಸರದಲ್ಲಿ ಎಲ್ಲರೂ ಕತ್ತರಿ ತೂರಿಸುವುದು ಆ ತೂತಿಗೇ, ಯಾಕೆಂದರೆ ಅಲ್ಲಿ ದಾರಿ ಸಿದ್ಧವಾಗಿರುತ್ತದೆ ನೋಡಿ. ಬಟ್ಟೆಯನ್ನು ನೆಲಕ್ಕೆ ಎಸೆಯಬೇಡಿ, ತುಳಿಯಬೇಡಿ, ಮುದ್ದೆ ಮಾಡಿ ಪ್ಲಾಸ್ಟಿಕ್ ಕವರಿಗೆ ತುರುಕಬೇಡಿ.

ಗಾಯ ಒರೆಸುವ ಮುಂಚೆ ಒಂದು ಫೋಟೊ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಅದಕ್ಕೂ ಪುರುಸೊತ್ತಿಲ್ಲ ಅಂದರೆ ಕೇಸ್ ಶೀಟಿನಲ್ಲಿ ಎರಡು ಸಾಲು ಬರೆಯಿರಿ: ಗಾಯದ ಸುತ್ತ ಕಪ್ಪು ಇತ್ತೋ ಇಲ್ಲವೋ, ಚುಕ್ಕಿಗಳಿದ್ದವೋ ಇಲ್ಲವೋ. ಒರೆಸಿದ ಗಾಜ್ ಬಟ್ಟೆಯನ್ನು ಎಸೆಯದೆ ಒಣಗಿಸಿ, ಕಾಗದದ ಲಕೋಟೆಗೆ ಹಾಕಿ, ಹೆಸರು ಮತ್ತು ಸಮಯ ಬರೆದಿಡಿ. ಗಾಯದ ಅಂಚನ್ನು ಕತ್ತರಿಸಿ ತೆಗೆಯಬೇಕಾಗಿ ಬಂದರೆ ಆ ಚರ್ಮವೂ ಸಾಕ್ಷ್ಯವೇ. ಇನ್ನೊಂದು ಮಾತು. ಒಳಗೆ ಸೇರಿದ ರಕ್ತ ಹೊರತೆಗೆಯುವ ಡ್ರೈನ್ ಟ್ಯೂಬಿಗೆ ಹೊಸದಾಗಿ ಜಾಗ ಮಾಡುವ ಬದಲು ಗುಂಡಿನ ತೂತಿನಲ್ಲೇ ತೂರಿಸುವ ಅಭ್ಯಾಸ ಕೆಲವರಿಗಿದೆ. ಆದಷ್ಟು ಅದನ್ನು ತಪ್ಪಿಸಿ.

ಹೆಜ್ಜೆ 2: ಕೈಗಳಿಗೆ ಕಾಗದದ ಚೀಲ

ಸತ್ತ ವ್ಯಕ್ತಿಯಾದರೆ ಶವ ಸಾಗಿಸುವ ಮುಂಚೆಯೇ ಎರಡೂ ಕೈಗೆ ಕಾಗದದ ಚೀಲ ಕಟ್ಟಿ. ಪ್ಲಾಸ್ಟಿಕ್ ಬೇಡ. ಶವವನ್ನು ತಣ್ಣನೆಯ ಕೋಣೆಯಿಂದ ಹೊರತೆಗೆದಾಗ ಪ್ಲಾಸ್ಟಿಕ್ಕಿನ ಒಳಗೆ ನೀರು ಹನಿಗಟ್ಟಿ, ಇದ್ದ ಕಣಗಳನ್ನು ತೊಳೆದುಬಿಡುತ್ತದೆ. ಬೆರಳಚ್ಚು ತೆಗೆಯುವ ಇಂಕು ಮತ್ತು ಪುಡಿ ಕೈಗೆ ತಾಗುವ ಮುಂಚೆ ಶೇಷದ ಮಾದರಿ ತೆಗೆದಾಗಿರಬೇಕು.

ಬದುಕಿರುವವರ ಕೈಯಾದರೆ ಗಡಿಯಾರ ಓಡುತ್ತಿರುತ್ತದೆ. ಜೇಬಿಗೆ ಕೈ ಹಾಕಿದರೂ, ಮುಖ ಒರೆಸಿಕೊಂಡರೂ, ಕೈ ತೊಳೆದರೂ ಕಣಗಳು ಉದುರುತ್ತಾ ಹೋಗುತ್ತವೆ. ನಾಲ್ಕಾರು ಗಂಟೆ ಕಳೆದ ಮೇಲೆ ಉಳಿಯುವುದು ತೀರಾ ಕಡಿಮೆ.

ಹೆಜ್ಜೆ 3: ನೋಡುವುದು. ಆತುರ ಬೇಡ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹೆಜ್ಜೆ ಇದೇ. ಮೆಷಿನ್ನು, ರಸಾಯನ ಎಲ್ಲ ಆಮೇಲೆ. ಒಳ್ಳೆಯ ಬೆಳಕು, ಒಂದು ಕೈಮಸೂರ, ಒಂದು ಸ್ಕೇಲ್ ಸಾಕು.

ಬಟ್ಟೆ ಸಮೇತ ಮೊದಲ ಫೋಟೊ. ಸೌಲಭ್ಯ ಇದ್ದರೆ ಬಟ್ಟೆ ಸಮೇತವೇ ಎಕ್ಸ್‌ರೇ. ಎಷ್ಟೋ ಸಲ ಗುಂಡು ದೇಹದಿಂದ ಹೊರಬಂದು ಬಟ್ಟೆಯ ಮಡಿಕೆಯಲ್ಲೇ ಸಿಕ್ಕಿಕೊಂಡಿರುತ್ತದೆ. ಬಟ್ಟೆ ತೆಗೆದ ಮೇಲೆ ತೊಳೆಯದ ಗಾಯದ ಫೋಟೊ: ದೂರದಿಂದ ಒಂದು, ಮಧ್ಯದಿಂದ ಒಂದು, ನೇರ ಮೇಲಿಂದ ಹತ್ತಿರದ್ದೊಂದು. ಗಾಯವನ್ನು ಗಡಿಯಾರದ ಮುಖ ಅಂದುಕೊಳ್ಳಿ, ತಲೆಯ ಕಡೆ 12 ಗಂಟೆ. ಮಸಿ 3 ಗಂಟೆಯ ಕಡೆ ಎಷ್ಟು ಸೆಂಟಿಮೀಟರ್ ಹರಡಿದೆ, 9 ಗಂಟೆಯ ಕಡೆ ಎಷ್ಟು ಅಂತ ಅಳೆದು ಬರೆಯಿರಿ. ಒಂದೇ ಕಡೆ ಜಾಸ್ತಿ ಹರಡಿದ್ದರೆ ಬಂದೂಕು ಓರೆಯಾಗಿ ಹಿಡಿದಿರುವ ಸಾಧ್ಯತೆ ಇದೆ. ಅದನ್ನು ಆಮೇಲೆ ತೀರ್ಮಾನಿಸೋಣ, ಈಗ ಅಳತೆ ಮಾತ್ರ.

ಈಗ ಏನೇನು ಕಾಣಬಹುದು ಅಂತ ನೋಡೋಣ.

ನಳಿಕೆ ಚರ್ಮಕ್ಕೆ ಒತ್ತಿ ಹಿಡಿದು ಹೊಡೆದಿದ್ದರೆ ಮಸಿ, ಅನಿಲ, ಮದ್ದು ಎಲ್ಲವೂ ಗಾಯದ ಒಳಗೇ ಹೋಗುತ್ತದೆ. ಹೊರಗಡೆ ಮಸಿ ತೀರಾ ಕಡಿಮೆ ಇರಬಹುದು, ಅಂಚು ಮಾತ್ರ ಸುಟ್ಟು ಕಪ್ಪಾಗಿರುತ್ತದೆ. ಹಾಗಾಗಿ ಹೊರಗೆ ನೋಡಿ "ಮಸಿ ಇಲ್ಲ" ಅಂತ ಬರೆದುಬಿಡಬೇಡಿ. ಅಂಚನ್ನು ಮೆಲ್ಲಗೆ ಬಿಡಿಸಿ ಒಳಗೆ ನೋಡಿ. ತಲೆಯಂಥ ಜಾಗದಲ್ಲಿ ಚರ್ಮದ ಕೆಳಗೇ ಮೂಳೆ ಇರುತ್ತದೆ, ಅನಿಲಕ್ಕೆ ಒಳಗೆ ಹೋಗಲು ಜಾಗ ಸಾಲದೆ ಚರ್ಮವನ್ನು ಉಬ್ಬಿಸಿ ನಕ್ಷತ್ರದ ಹಾಗೆ ಸೀಳುತ್ತದೆ. ಗಾಯ ದೊಡ್ಡದಾಗಿ ಕಾಣುವುದರಿಂದ ಹೊಸಬರು ಇದನ್ನು ಗುಂಡು ಹೊರಬಂದ ಗಾಯ ಅಂದುಕೊಂಡು ಎಡವುತ್ತಾರೆ. ಸೀಳಿದ ತುದಿಗಳನ್ನು ಒಟ್ಟಿಗೆ ಜೋಡಿಸಿ ನೋಡಿ. ನಡುವೆ ಗುಂಡಗಿನ ತೂತು, ಅದರ ಅಂಚಿಗೆ ಮಸಿ ಕಾಣುತ್ತದೆ. ಕೆಳಗಿನ ಮೂಳೆಯ ಮೇಲೂ ಮಸಿ ಹತ್ತಿರುತ್ತದೆ. ಕೆಲವೊಮ್ಮೆ ನಳಿಕೆಯ ಬಾಯಿಯ ಅಚ್ಚು ಚರ್ಮದ ಮೇಲೆ ಮುದ್ರೆ ಒತ್ತಿದ ಹಾಗೆ ಮೂಡಿರುತ್ತದೆ. ಒಳಗಿನ ಸ್ನಾಯು ಚೆರ್ರಿ ಹಣ್ಣಿನಂತೆ ಕೆಂಪಾಗಿದ್ದರೆ, ಅನಿಲದಲ್ಲಿನ ಕಾರ್ಬನ್ ಮೊನಾಕ್ಸೈಡ್ ರಕ್ತಕ್ಕೆ ಅಂಟಿಕೊಂಡ ಗುರುತು ಅದು.

ಸ್ವಲ್ಪ ದೂರ ಸರಿದರೆ ಮಸಿ ಹೊರಗೆ ಹರಡುತ್ತದೆ. ಕೈಬಂದೂಕಿನಲ್ಲಿ ಸುಮಾರು 20-30 ಸೆಂಟಿಮೀಟರ್ ತನಕ ಚರ್ಮದ ಮೇಲೆ ಮಸಿ ಕಣ್ಣಿಗೆ ಕಾಣಿಸುತ್ತದೆ. ದೂರ ಹೆಚ್ಚಿದಂತೆ ವೃತ್ತ ದೊಡ್ಡದಾಗುತ್ತದೆ, ಬಣ್ಣ ತೆಳುವಾಗುತ್ತದೆ, ಆಮೇಲೆ ಮಾಯ.

ಅದಕ್ಕಿಂತ ದೂರದಲ್ಲಿ ಉಳಿಯುವುದು ಹಚ್ಚೆ ಚುಕ್ಕಿಗಳು. ಮದ್ದಿನ ಕಾಳುಗಳು ಚರ್ಮಕ್ಕೆ ಬಡಿದು ಮಾಡಿದ ಸಣ್ಣ ಸಣ್ಣ ಗಾಯಗಳಿವು. ಕೈಮಸೂರದಲ್ಲಿ ನೋಡಿದರೆ ಒಂದೊಂದೂ ಕೆಂಪು ಮಿಶ್ರಿತ ಕಂದು ಬಣ್ಣದ ಪುಟ್ಟ ಗುಳಿ. ಕೆಲವು ಗುಳಿಯಲ್ಲಿ ಹಸಿರೋ ಬೂದೋ ಬಣ್ಣದ ಕಾಳು ಇನ್ನೂ ಕೂತಿರುತ್ತದೆ. ಸಿಕ್ಕಿದರೆ ಚಿಮುಟದಿಂದ ಎತ್ತಿ ಸಣ್ಣ ಡಬ್ಬಿಯಲ್ಲಿಡಿ. ಚಪ್ಪಟೆ ಬಿಲ್ಲೆಯೋ, ಗುಂಡು ಮಣಿಯೋ, ಕೊಳವೆ ತುಂಡೋ ಅನ್ನುವುದರಿಂದ ಮದ್ದು ಯಾವ ಬಗೆಯದು ಅಂತ ಗೊತ್ತಾಗುತ್ತದೆ. ಇದಕ್ಕೂ ದೂರಕ್ಕೂ ಸಂಬಂಧ ಇದೆ. ಚಪ್ಪಟೆ ಕಾಳಿಗೆ ಗಾಳಿಯ ತಡೆ ಜಾಸ್ತಿ, ಬೇಗ ನಿಧಾನವಾಗುತ್ತದೆ. ಗುಂಡಗಿನ ಕಾಳು ಇನ್ನೂ ದೂರ ಹೋಗಿ ಹಚ್ಚೆ ಹಾಕುತ್ತದೆ. ಸಾಮಾನ್ಯ ಕೈಬಂದೂಕಿನಲ್ಲಿ ಚಪ್ಪಟೆ ಮದ್ದಿಗೆ ಅರ್ಧ ಮೀಟರ್ ಆಸುಪಾಸು, ಗುಂಡಗಿನ ಕಾಳಿನ ಮದ್ದಿಗೆ ಮುಕ್ಕಾಲು ಮೀಟರ್ ಅಥವಾ ಇನ್ನೂ ಸ್ವಲ್ಪ. ಇವು ಅಂದಾಜು ಮಾತ್ರ. ಕೇಸಿನಲ್ಲಿ ಇದನ್ನೇ ಅಂತಿಮ ಅಂತ ಬರೆಯುವ ಹಾಗಿಲ್ಲ. ಯಾಕೆ ಅಂತ ಹೆಜ್ಜೆ 7ರಲ್ಲಿ ಹೇಳುತ್ತೇನೆ.

ಚುಕ್ಕಿಗಳಿಗೆ ಇನ್ನೊಂದು ಗುಣ ಇದೆ. ಬದುಕಿದ್ದಾಗ ಆದವು ಕೆಂಪಗೆ ಇರುತ್ತವೆ. ಸತ್ತ ಮೇಲೆ ಹೊಡೆದಿದ್ದರೆ ಹಳದಿ ಇಲ್ಲವೇ ಬೂದು ಬಣ್ಣ, ಯಾಕೆಂದರೆ ರಕ್ತದ ಓಡಾಟ ನಿಂತಿರುತ್ತದೆ. ಅಂಗೈಯ ದಪ್ಪ ಚರ್ಮದ ಮೇಲೆ ಚುಕ್ಕಿ ಮೂಡುವುದು ಕಷ್ಟ. ತಲೆಗೂದಲು ಕಾಳುಗಳನ್ನು ತಡೆದುಬಿಡುತ್ತದೆ. ಆದ್ದರಿಂದ ಕೂದಲು ಬೋಳಿಸುವ ಮುಂಚೆ ಬಾಚಿ, ಕತ್ತರಿಸಿ, ಕಾಗದದಲ್ಲಿ ಮಡಚಿಡಿ.

ಇನ್ನೂ ದೂರದಿಂದ ಹೊಡೆದಿದ್ದರೆ ಕಾಣುವುದು ತೂತು, ಅದರ ಸುತ್ತ ತರಚಿದ ಉಂಗುರ, ಅದರ ಒಳ ಅಂಚಿಗೆ ಕಪ್ಪು ಜಿಡ್ಡಿನ ಸಣ್ಣ ಉಂಗುರ. ಇಷ್ಟೇ. ಆ ಜಿಡ್ಡು ಗುಂಡು ನಳಿಕೆಯಿಂದ ಮೈಗೆ ಹತ್ತಿಸಿಕೊಂಡು ಬಂದು ಚರ್ಮಕ್ಕೋ ಬಟ್ಟೆಗೋ ಒರೆಸಿ ಹೋದದ್ದು. ಅದರಲ್ಲಿ ಸೀಸ ಇರುತ್ತದೆ. ಇದನ್ನು ಚೆನ್ನಾಗಿ ನೆನಪಿಡಿ: ಈ ಉಂಗುರ ಎಷ್ಟು ದೂರದಿಂದ ಹೊಡೆದರೂ ಬರುತ್ತದೆ. ಅಂಚಿನಲ್ಲಿ ಸೀಸ ಸಿಕ್ಕಿತು ಅಂತ "ಹತ್ತಿರದಿಂದ" ಅಂತ ಬರೆದವರ ವರದಿ ಕೋರ್ಟಿನಲ್ಲಿ ಒಂದೇ ಪ್ರಶ್ನೆಗೆ ಬಿದ್ದುಹೋಗುತ್ತದೆ.

ಮೋಸ ಮಾಡುವ ಗುರುತುಗಳು

ಕಪ್ಪಗಿರುವುದೆಲ್ಲ ಮಸಿ ಅಲ್ಲ. ಒಣಗಿದ ಗಾಯದ ಅಂಚು ತಾನಾಗಿಯೇ ಕಪ್ಪಾಗುತ್ತದೆ. ಒಣಗಿದ ರಕ್ತವೂ ಅಷ್ಟೆ. ಬೆರಳಚ್ಚು ಪುಡಿ ಬಿದ್ದು ಮಸಿಯ ಹಾಗೆ ಕಂಡದ್ದೂ ಉಂಟು. ಚುಕ್ಕಿಗಳೂ ಹಾಗೆಯೇ. ಸತ್ತ ಮೇಲೆ ಇರುವೆ ಕಚ್ಚಿದ ಗುರುತುಗಳು ಹಚ್ಚೆ ಚುಕ್ಕಿಗಳನ್ನು ಎಷ್ಟು ಚೆನ್ನಾಗಿ ಹೋಲುತ್ತವೆ ಅಂದರೆ, ಅನುಭವ ಇದ್ದವರೂ ಒಂದು ಕ್ಷಣ ಅನುಮಾನಿಸುತ್ತಾರೆ. ಗುಂಡು ಗಾಜಿನ ಮೂಲಕ ಬಂದಿದ್ದರೆ ಗಾಜಿನ ಚೂರುಗಳು ಚುಚ್ಚಿ ಚುಕ್ಕಿ ಮಾಡುತ್ತವೆ. ಅವು ಒಂದೇ ಅಳತೆ ಇರುವುದಿಲ್ಲ, ಒಂದು ದೊಡ್ಡದು ಒಂದು ಚಿಕ್ಕದು. ಗಾಯದ ಅಂಚಿಗೆ ಹೊಲಿಗೆ ಹಾಕಿ ಬಿಚ್ಚಿದ್ದರೆ ಆ ಸೂಜಿ ತೂತುಗಳು ಕೂಡ.

ಇದಕ್ಕೊಂದು ಸರಳ ಉಪಾಯ ಇದೆ. ಫೋಟೊ ಆಯಿತು, ಮಾದರಿಯೂ ತೆಗೆದಾಯಿತು ಅಂದ ಮೇಲೆ ಗಾಯವನ್ನು ಮೆಲ್ಲಗೆ ತೊಳೆದು ಮತ್ತೆ ಫೋಟೊ ತೆಗೆಯಿರಿ. ಮಸಿ ಹೋಗುತ್ತದೆ, ಹಚ್ಚೆ ಚುಕ್ಕಿ ಹೋಗುವುದಿಲ್ಲ. ಅದು ಚರ್ಮದ ಗಾಯ, ಚರ್ಮದ ಮೇಲಿನ ಕೊಳೆ ಅಲ್ಲ. ಮೊದಲಿನದು, ಆಮೇಲಿನದು ಎರಡೂ ಫೋಟೊ ಅಕ್ಕಪಕ್ಕ ಇಟ್ಟರೆ ಯಾರಿಗೂ ಜಾಸ್ತಿ ವಿವರಿಸಬೇಕಾಗಿಲ್ಲ.

ಹೆಜ್ಜೆ 4: ಬಟ್ಟೆಯನ್ನು ಗಾಯದಷ್ಟೇ ಗೌರವದಿಂದ ನೋಡಿ

ಮಸಿ, ಕಾಳು ಎರಡನ್ನೂ ಬಟ್ಟೆ ಸೋಸಿಬಿಡುತ್ತದೆ. ದಪ್ಪ ಕೋಟಿನ ಮೇಲೆ 10 ಸೆಂಟಿಮೀಟರಿನಿಂದ ಹೊಡೆದರೂ ಕೆಳಗಿನ ಚರ್ಮ ಶುಭ್ರವಾಗಿರಬಹುದು. ಬಟ್ಟೆ ನೋಡದೆ ಬರೀ ಚರ್ಮ ನೋಡಿದವರು "ದೂರದಿಂದ" ಅನ್ನುತ್ತಾರೆ. ಈ ಒಂದು ತಪ್ಪು ಇಡೀ ತನಿಖೆಯನ್ನೇ ಬೇರೆ ದಾರಿಗೆ ತಿರುಗಿಸಬಹುದು.

ಒದ್ದೆ ಬಟ್ಟೆಯನ್ನು ನೆರಳಲ್ಲಿ ಗಾಳಿಗೆ ಒಣಗಿಸಿ. ಫ್ಯಾನ್ ಹಚ್ಚಬೇಡಿ, ಕಾಳು ಹಾರಿಹೋಗುತ್ತದೆ. ಒಣಗುವ ಬಟ್ಟೆಯ ಕೆಳಗೆ ಸ್ವಚ್ಛ ಕಾಗದ ಹಾಸಿ, ಉದುರಿದ್ದನ್ನೂ ಆ ಕಾಗದದಲ್ಲೇ ಮಡಚಿಡಿ. ಮಡಚುವಾಗ ತೂತಿನ ಮೇಲೆ ಮಡಿಕೆ ಬರಬಾರದು, ಮಡಿಕೆಯ ನಡುವೆ ಕಾಗದ ಇರಬೇಕು. ಒಂದು ಬಟ್ಟೆಗೆ ಒಂದು ಕಾಗದದ ಚೀಲ. ಅಂಗಿ ಬನಿಯನ್ ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಅಂಗಿಯ ಮಸಿ ಬನಿಯನ್ನಿಗೆ ಹತ್ತುತ್ತದೆ. ಆಮೇಲೆ ಯಾವುದು ಎಲ್ಲಿಂದ ಬಂತು ಅಂತ ಯಾರಿಗೂ ಹೇಳಲಾಗುವುದಿಲ್ಲ.

ಕಪ್ಪು ಬಟ್ಟೆಯ ಮೇಲೆ, ರಕ್ತ ಮೆತ್ತಿದ ಬಟ್ಟೆಯ ಮೇಲೆ ಮಸಿ ಕಾಣುವುದಿಲ್ಲ. ಇಲ್ಲಿ ಇನ್ಫ್ರಾರೆಡ್ ಫೋಟೊ ಬಹಳ ಸಹಾಯಕ್ಕೆ ಬರುತ್ತದೆ. ಆ ಬೆಳಕಿನಲ್ಲಿ ರಕ್ತ ಹೆಚ್ಚುಕಡಿಮೆ ಕಾಣದಂತಾಗುತ್ತದೆ, ಎಷ್ಟೋ ಬಗೆಯ ಕಪ್ಪು ಬಣ್ಣವೂ ತಿಳಿಯಾಗುತ್ತದೆ, ಮಸಿ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಗಾಢ ಬಣ್ಣದ ಕೋಟಿನ ಮೇಲೆ ಅಲ್ಲಿಯವರೆಗೂ ಏನೂ ಇರಲಿಲ್ಲ, ತೆರೆಯ ಮೇಲೆ ಇದ್ದಕ್ಕಿದ್ದ ಹಾಗೆ ತೂತಿನ ಸುತ್ತ ಹೂವಿನಂತೆ ಅರಳಿದ ಮಸಿ. ಮೊದಲ ಸಲ ನೋಡಿದವರು ಮರೆಯುವುದಿಲ್ಲ.

ಹೆಜ್ಜೆ 5: ಮಾದರಿ ತೆಗೆಯುವುದು

ಕೈಗಳಿಂದ ಮತ್ತು ಗಾಯದ ಸುತ್ತಲಿನ ಚರ್ಮದಿಂದ ಕಣ ಎತ್ತಲು ಕಾರ್ಬನ್ ಅಂಟು ಇರುವ ಸಣ್ಣ ಅಲ್ಯೂಮಿನಿಯಂ ಬಿಲ್ಲೆಗಳು ಸಿಗುತ್ತವೆ. ಲ್ಯಾಬಿನವರು ಸ್ಟಬ್ ಅನ್ನುತ್ತಾರೆ. ಅದನ್ನು ಉಜ್ಜಬಾರದು. ಒತ್ತಿ ಎತ್ತಿ, ಒತ್ತಿ ಎತ್ತಿ, ಅಂಟು ಸಾಯುವ ತನಕ. ಬಲಗೈ ಹಿಂಬದಿ, ಬಲ ಅಂಗೈ, ಎಡಗೈ ಹಿಂಬದಿ, ಎಡ ಅಂಗೈ, ಒಂದೊಂದಕ್ಕೂ ಬೇರೆ ಸ್ಟಬ್. ಗಾಯದ ಸುತ್ತಲಿಗೆ ಇನ್ನೊಂದು. ಯಾವುದಕ್ಕೂ ಮುಟ್ಟಿಸದ ಒಂದು ಸ್ಟಬ್ಬನ್ನು ಅಲ್ಲೇ ತೆರೆದು ಮುಚ್ಚಿ ಜೊತೆಗೆ ಕಳಿಸಿ. ಕೋಣೆಯ ಗಾಳಿಯಲ್ಲೇ ಕಣ ಇತ್ತಾ ಅನ್ನುವ ಪ್ರಶ್ನೆಗೆ ಅದೇ ಉತ್ತರ. ರಕ್ತ ಇರುವ ಕಡೆ ಅಂಟು ಹಿಡಿಯುವುದಿಲ್ಲ, ಒಣ ಚರ್ಮದ ಕಡೆಯಿಂದ ತೆಗೆಯಿರಿ.

ಮಾದರಿ ತೆಗೆಯುವವರು ಹೊಸ ಗ್ಲೌಸ್ ಹಾಕಿರಬೇಕು. ಅವತ್ತು ಸ್ವತಃ ಬಂದೂಕು ಮುಟ್ಟಿದವರು ಈ ಕೆಲಸಕ್ಕೆ ಕೈ ಹಾಕಬಾರದು. ಇದು ಅವಮಾನದ ಮಾತಲ್ಲ. ಬಂದೂಕು ಹಿಡಿಯುವವರ ಕೈ, ಸಮವಸ್ತ್ರ, ಗಾಡಿಯ ಸೀಟು ಎಲ್ಲ ಕಡೆ ಈ ಕಣ ಇರುತ್ತದೆ.

ಪೋಸ್ಟ್‌ಮಾರ್ಟಂನಲ್ಲಿ ಗಾಯದ ಅಂಚಿನ ಚರ್ಮವನ್ನು ಒಳಗಿನ ದಾರಿ ಸಮೇತ ತೆಗೆಯಿರಿ. 12 ಗಂಟೆಯ ಜಾಗಕ್ಕೆ ಒಂದು ದಾರದ ಗುರುತು ಹಾಕಿ, ಇಲ್ಲದಿದ್ದರೆ ಲ್ಯಾಬಿನಲ್ಲಿ ಮೇಲು ಕೆಳಗು ಗೊತ್ತಾಗುವುದಿಲ್ಲ. ಒಂದು ಭಾಗ 10% ಫಾರ್ಮಲಿನ್‌ನಲ್ಲಿ, ಸೂಕ್ಷ್ಮದರ್ಶಕದ ಪರೀಕ್ಷೆಗೆ. ಇನ್ನೊಂದು ಭಾಗ ಯಾವ ದ್ರಾವಣವೂ ಇಲ್ಲದೆ ತಣ್ಣಗೆ, ಲೋಹದ ಪರೀಕ್ಷೆಗೆ. ದ್ರಾವಣದಲ್ಲಿ ಮುಳುಗಿಸಿದರೆ ಮೇಲೆ ಕೂತ ಕಣ ತೇಲಿಹೋಗಬಹುದು. ಅದೇ ದೇಹದ ಬೇರೆ ಕಡೆಯ ಆರೋಗ್ಯವಂತ ಚರ್ಮದ ತುಂಡೂ ಬೇಕು, ಹೋಲಿಕೆಗೆ. ಗುಂಡು ಹೊರಬಂದ ಗಾಯದ ಅಂಚನ್ನೂ ಬೇರೆ ಡಬ್ಬಿಯಲ್ಲಿ ಕಳಿಸಿ.

ಹೆಜ್ಜೆ 6: ಲ್ಯಾಬಿನಲ್ಲಿ

ಬಣ್ಣದ ಪರೀಕ್ಷೆಗಳಿಗೆ ಒಂದು ಕ್ರಮ ಇದೆ, ಅದನ್ನು ಮೀರಬಾರದು. ಮೊದಲು ಮದ್ದು ಉರಿದಾಗ ಉಳಿಯುವ ನೈಟ್ರೈಟಿಗೆ, ಆಮೇಲೆ ಸೀಸಕ್ಕೆ.

ನೈಟ್ರೈಟ್ ಪರೀಕ್ಷೆಯ ಹೆಸರು ಮಾರ್ಪಡಿಸಿದ ಗ್ರೀಸ್ ಪರೀಕ್ಷೆ. ಈ ಗ್ರೀಸ್ ಜಿಡ್ಡಲ್ಲ, ಮೂಲ ಕ್ರಿಯೆಯನ್ನು ಕಂಡುಹಿಡಿದ ರಸಾಯನ ವಿಜ್ಞಾನಿ ಪೀಟರ್ ಗ್ರೀಸ್ ಅವರ ಹೆಸರು. ಬೆಳಕಿನ ಗುಣ ತೆಗೆದ ಫೋಟೊ ಕಾಗದಕ್ಕೆ ಸಲ್ಫಾನಿಲಿಕ್ ಆಮ್ಲ ಮತ್ತು ಆಲ್ಫಾ ನ್ಯಾಫ್ತಾಲ್ ಹಚ್ಚಿರುತ್ತಾರೆ. ಅದರ ಮೇಲೆ ಬಟ್ಟೆಯನ್ನು ಗುಂಡು ಹೊಕ್ಕ ಮೈ ಕೆಳಗೆ ಮಾಡಿ ಹಾಸುತ್ತಾರೆ. ಮೇಲೆ ಅಸಿಟಿಕ್ ಆಮ್ಲದಲ್ಲಿ ಅದ್ದಿದ ತೆಳು ಬಟ್ಟೆ, ಅದರ ಮೇಲೆ ಬಿಸಿ ಇಸ್ತ್ರಿ ಪೆಟ್ಟಿಗೆ. ಹೌದು, ಸಾದಾ ಇಸ್ತ್ರಿ ಪೆಟ್ಟಿಗೆಯೇ. ಆವಿ ಕೆಳಗಿಳಿಯುತ್ತದೆ. ಕಾಗದ ಎತ್ತಿ ನೋಡಿದರೆ ಮದ್ದಿನ ಕಾಳು ಇದ್ದಲ್ಲೆಲ್ಲ ಕಿತ್ತಳೆ ಬಣ್ಣದ ಚುಕ್ಕಿ. ಕಣ್ಣಿಗೆ ಕಾಣದಿದ್ದ ಇಡೀ ಚಿತ್ತಾರ ಕಾಗದದ ಮೇಲೆ ಬಂದಿರುತ್ತದೆ. ಅದನ್ನು ಅಳೆಯಬಹುದು, ಕಾಪಾಡಬಹುದು.

ಸೀಸಕ್ಕೆ ಸೋಡಿಯಂ ರೋಡಿಜೋನೇಟ್. ದ್ರಾವಣವನ್ನು ಆಗಲೇ ತಯಾರಿಸಬೇಕು, ಇಟ್ಟರೆ ಕೆಡುತ್ತದೆ. ಅದನ್ನು ಸಿಂಪಡಿಸಿ, ಪಿಎಚ್ 2.8ರ ಬಫರ್ (ಆಮ್ಲತೆ ಬದಲಾಗದಂತೆ ಹಿಡಿದಿಡುವ ದ್ರಾವಣ) ಸಿಂಪಡಿಸಿದರೆ ಸೀಸ ಇದ್ದಲ್ಲಿ ಗುಲಾಬಿ ಬಣ್ಣ. ಅಷ್ಟಕ್ಕೇ ನಿಲ್ಲಿಸಬಾರದು. 5% ಹೈಡ್ರೋಕ್ಲೋರಿಕ್ ಆಮ್ಲ ಸಿಂಪಡಿಸಿದಾಗ ಗುಲಾಬಿ ನೀಲಿ ಮಿಶ್ರಿತ ನೇರಳೆಗೆ ತಿರುಗಿದರೆ ಮಾತ್ರ ಅದು ಸೀಸ. ಗಾಢ ಬಣ್ಣದ ಬಟ್ಟೆಯಾದರೆ ಆಮ್ಲದಲ್ಲಿ ಅದ್ದಿದ ಫಿಲ್ಟರ್ ಕಾಗದವನ್ನು ಒತ್ತಿ, ಸೀಸವನ್ನು ಕಾಗದಕ್ಕೆ ಇಳಿಸಿಕೊಂಡು ಅಲ್ಲಿ ಪರೀಕ್ಷೆ ಮಾಡುತ್ತಾರೆ. ತಾಮ್ರದ ಹೊದಿಕೆಯ ಗುಂಡಾದರೆ ತಾಮ್ರಕ್ಕೆ ಬೇರೆ ಪರೀಕ್ಷೆ ಇದೆ, ಅದನ್ನು ಇವೆರಡರ ನಡುವೆ ಮಾಡುತ್ತಾರೆ.

ಒಂದು ಕಾಲದಲ್ಲಿ ಕೈಗೆ ಬಿಸಿ ಮೇಣ ಹಚ್ಚಿ ನೈಟ್ರೇಟ್ ಹುಡುಕುತ್ತಿದ್ದರು. 1933ರಲ್ಲಿ ಮೆಕ್ಸಿಕೋದ ತಿಯೊಡೊರೊ ಗೊನ್ಸಾಲೆಸ್ ಅದನ್ನು ಅಮೆರಿಕಕ್ಕೆ ಪರಿಚಯಿಸಿದರು. ತಂಬಾಕು, ಗೊಬ್ಬರ, ಮೂತ್ರ ಎಲ್ಲಕ್ಕೂ ಅದು "ಇದೆ" ಅನ್ನುತ್ತಿತ್ತು. 1959ರಲ್ಲಿ ಹ್ಯಾರಿಸನ್ ಮತ್ತು ಗಿಲ್‌ರಾಯ್ ನೈಟ್ರೇಟ್ ಬಿಟ್ಟು ಸೀಸ, ಬೇರಿಯಂ, ಆಂಟಿಮನಿ ಹುಡುಕುವ ದಾರಿ ತೋರಿಸಿದರು. ಇವತ್ತಿಗೂ ಯಾರಾದರೂ ಮೇಣದ ಪರೀಕ್ಷೆಯ ಮೇಲೆ ನಿಂತು ಮಾತಾಡಿದರೆ ಒಪ್ಪಬೇಡಿ.

ಈಗ ಸ್ಟಬ್ಬುಗಳು ಹೋಗುವುದು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ. ಭಾರದ ಲೋಹದ ಕಣ ತೆರೆಯ ಮೇಲೆ ಹೊಳೆಯುತ್ತದೆ. ಯಂತ್ರ ಒಂದೊಂದೇ ಹೊಳೆಯುವ ಚುಕ್ಕಿಯ ಹತ್ತಿರ ನಿಂತು, ಅದರ ಎಕ್ಸ್-ಕಿರಣ ಓದಿ, ಒಳಗೆ ಯಾವ ಮೂಲವಸ್ತು ಇದೆ ಅಂತ ಹೇಳುತ್ತದೆ. ಒಂದೇ ಕಣದಲ್ಲಿ ಸೀಸ, ಬೇರಿಯಂ, ಆಂಟಿಮನಿ ಮೂರೂ ಇದ್ದು, ಕರಗಿ ತಣಿದ ಗುಂಡಗಿನ ಆಕಾರ ಇದ್ದರೆ ಅದನ್ನು ಗುಂಡಿನ ಶೇಷದ ವಿಶಿಷ್ಟ ಕಣ ಅನ್ನುತ್ತಾರೆ. ಲ್ಯಾಬುಗಳು ಇದಕ್ಕೆ ಎಎಸ್‌ಟಿಎಂ ಇ1588 ಎಂಬ ಮಾನದಂಡವನ್ನು ಅನುಸರಿಸುತ್ತವೆ. ಎರಡೇ ಲೋಹ ಇದ್ದರೆ "ಹೊಂದುತ್ತದೆ" ಅನ್ನಬಹುದೇ ಹೊರತು ಅದಕ್ಕಿಂತ ಹೆಚ್ಚಲ್ಲ. ಬ್ರೇಕ್ ಪ್ಯಾಡಿನ ಧೂಳು, ಪಟಾಕಿ ಕೂಡ ಇಂಥ ಲೋಹಗಳ ಕಣ ಬಿಡುತ್ತವೆ. ಕಾಡತೂಸಿನಿಂದ ಮೊಳೆ ಹೊಡೆಯುವ ಗನ್ನಿನಿಂದಂತೂ ಥೇಟ್ ಇಂಥದೇ ಕಣ ಬರಬಹುದು.

ಹಾಗೆಯೇ ಮೂರೂ ಸಿಗದಿದ್ದರೆ ಗುಂಡೇ ಅಲ್ಲ ಅನ್ನುವ ಹಾಗೂ ಇಲ್ಲ. ಕೆಲವು .22 ಕ್ಯಾಲಿಬರ್ ಕಾಡತೂಸಿನ ಪ್ರೈಮರಿನಲ್ಲಿ ಆಂಟಿಮನಿ ಇರುವುದಿಲ್ಲ. ಸಿಂಟಾಕ್ಸ್‌ನಂಥ ಸೀಸರಹಿತ ಪ್ರೈಮರಿನಲ್ಲಿ ಹುಡುಕಬೇಕಾದ್ದು ಟೈಟಾನಿಯಂ ಮತ್ತು ಸತು. ಅದಕ್ಕೇ ಸ್ಥಳದಲ್ಲಿ ಸಿಕ್ಕ ಕಾಡತೂಸಿನ ಖಾಲಿ ಕೋಶವನ್ನೂ ಲ್ಯಾಬಿಗೆ ಕಳಿಸಬೇಕು. ಅದರ ಒಳಗಿನ ಮಸಿ ನೋಡಿದರೆ ಏನನ್ನು ಹುಡುಕಬೇಕು ಅಂತ ಮೊದಲೇ ಗೊತ್ತಾಗುತ್ತದೆ.

ಹೆಜ್ಜೆ 7: ಅದೇ ಬಂದೂಕು, ಅದೇ ಕಾಡತೂಸು

ದೂರ ಹೇಳಲು ಪುಸ್ತಕದ ಅಳತೆ ಸಾಲದು. ನಳಿಕೆಯ ಉದ್ದ, ಮದ್ದಿನ ಬಗೆ, ಕಾಡತೂಸಿನ ತಯಾರಿ, ಎಲ್ಲವೂ ಚಿತ್ತಾರವನ್ನು ಬದಲಿಸುತ್ತವೆ. ಗಿಡ್ಡ ನಳಿಕೆಯಲ್ಲಿ ಮದ್ದು ಉರಿಯಲು ಸಮಯ ಸಾಲದೆ ಜಾಸ್ತಿ ಕಾಳು ಹೊರಬರುತ್ತದೆ. ಸೈಲೆನ್ಸರ್ ಇದ್ದರೆ ಮಸಿಯನ್ನು ಅದೇ ನುಂಗಿರುತ್ತದೆ. ಆದ್ದರಿಂದ ಜಪ್ತಿಯಾದ ಬಂದೂಕಿನಿಂದ, ಸಾಧ್ಯವಾದರೆ ಅದೇ ಡಬ್ಬಿಯ ಕಾಡತೂಸಿನಿಂದ, ಬಿಳಿ ಬಟ್ಟೆಗೆ ಹೊಡೆದು ನೋಡುತ್ತಾರೆ. ಒತ್ತಿ ಹಿಡಿದು ಒಮ್ಮೆ, ಆಮೇಲೆ 5, 15, 30, 45, 60, 90 ಸೆಂಟಿಮೀಟರಿನಿಂದ. ಪ್ರತಿ ದೂರಕ್ಕೂ ಒಂದಕ್ಕಿಂತ ಹೆಚ್ಚು ಸಲ. ಆ ಬಟ್ಟೆಗಳಿಗೂ ಅದೇ ಬಣ್ಣದ ಪರೀಕ್ಷೆ. ಕೊನೆಗೆ ಎಲ್ಲವನ್ನೂ ಸಾಲಾಗಿ ಹಾಸಿ, ಗಾಯದ ಚಿತ್ತಾರ ಯಾವ ಎರಡರ ನಡುವೆ ಕೂರುತ್ತದೆ ಅಂತ ನೋಡುವುದು. ಉತ್ತರ ಯಾವತ್ತೂ "30 ಸೆಂಟಿಮೀಟರ್" ಅಂತ ಇರಬಾರದು. "15ಕ್ಕಿಂತ ಹೆಚ್ಚು, 45ಕ್ಕಿಂತ ಕಡಿಮೆ" ಅಂತ ಇರಬೇಕು.

ಹೆಜ್ಜೆ 8: ವರದಿ ಬರೆಯುವುದು

ಕಂಡದ್ದನ್ನು ಒಂದು ಕಡೆ ಬರೆಯಿರಿ, ಅಭಿಪ್ರಾಯವನ್ನು ಇನ್ನೊಂದು ಕಡೆ. ಮಸಿ ಸಿಗದಿದ್ದರೆ "ದೂರದಿಂದ ಹೊಡೆದದ್ದು" ಅಂತ ಬರೆಯಬೇಡಿ. "ಹತ್ತಿರದಿಂದ ಹೊಡೆದ ಗುರುತು ಕಂಡುಬಂದಿಲ್ಲ, ನಡುವೆ ಬಟ್ಟೆ ಅಥವಾ ಬೇರೆ ವಸ್ತು ಇದ್ದಿರಬಹುದು, ಗಾಯವನ್ನು ತೊಳೆದಿರಬಹುದು" ಅಂತ ಬರೆಯಿರಿ. ನಳಿಕೆ ಒತ್ತಿ ಹೊಡೆದ ಗಾಯ ಅಂದ ಮಾತ್ರಕ್ಕೆ ಆತ್ಮಹತ್ಯೆ ಅಲ್ಲ. ಸತ್ತವರ ಕೈಯಲ್ಲಿ ಕಣ ಇದೆ ಅಂದ ಮಾತ್ರಕ್ಕೆ ಅವರೇ ಹೊಡೆದುಕೊಂಡರು ಅಂತಲೂ ಅಲ್ಲ. ಎದುರಿನವರ ಬಂದೂಕು ತಳ್ಳಲು ಹೋದ ಕೈಗೂ ಅದೇ ಕಣ ಹತ್ತುತ್ತದೆ.

ಬ್ರಿಟನ್ನಿನ ಟಿವಿ ನಿರೂಪಕಿ ಜಿಲ್ ಡ್ಯಾಂಡೊ ಅವರನ್ನು 1999ರ ಏಪ್ರಿಲ್ 26ರಂದು ಲಂಡನ್ನಿನ ಅವರ ಮನೆ ಬಾಗಿಲಲ್ಲೇ ತಲೆಗೆ ಗುಂಡು ಹೊಡೆದು ಕೊಂದರು. 2001ರಲ್ಲಿ ಒಬ್ಬನಿಗೆ ಶಿಕ್ಷೆಯಾಯಿತು. ಅವನ ಕೋಟಿನ ಜೇಬಿನಲ್ಲಿ ಸಿಕ್ಕ ಶೇಷದ ಒಂದೇ ಒಂದು ಕಣ ಆ ಕೇಸಿನಲ್ಲಿ ದೊಡ್ಡ ಸಾಕ್ಷ್ಯವಾಗಿತ್ತು. 2007ರಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆ ರದ್ದು ಮಾಡಿತು, 2008ರ ಮರುವಿಚಾರಣೆಯಲ್ಲಿ ಅವನು ಬಿಡುಗಡೆಯಾದ. ಆ ಒಂದು ಕಣ ಕೊಲೆಯ ಬಂದೂಕಿನಿಂದ ಬಂದಿರುವುದೂ, ಬೇರೆ ಎಲ್ಲಿಂದಲೋ ಬಂದಿರುವುದೂ ಹೆಚ್ಚುಕಡಿಮೆ ಒಂದೇ ಮಟ್ಟದ ಸಾಧ್ಯತೆ ಅನ್ನುವುದೇ ಆ ತೀರ್ಪಿನ ತಿರುಳು. ಅಷ್ಟರಲ್ಲಿ ಆ ಮನುಷ್ಯನ ವರ್ಷಗಳು ಜೈಲಿನಲ್ಲಿ ಕಳೆದಿದ್ದವು. ನಾವು ಬರೆಯುವ ಒಂದು ಪದ ಎಷ್ಟು ಭಾರ ಅಂತ ನನಗೆ ಈ ಕೇಸು ಪ್ರತಿ ಸಲ ನೆನಪಿಸುತ್ತದೆ. ಆದ್ದರಿಂದ ವರದಿಯಲ್ಲಿ ಕಣಗಳ ಲೆಕ್ಕ ಕೊಡಿ. "ಇದೆ" ಅಂತಷ್ಟೇ ಬರೆದರೆ ಒಂದೋ, ನೂರೋ ಅಂತ ಓದುವವರಿಗೆ ತಿಳಿಯುವುದು ಹೇಗೆ?

ಮಾದರಿ ತೆಗೆದ ಸಮಯ, ತೆಗೆದವರ ಹೆಸರು, ಅಷ್ಟರೊಳಗೆ ಗಾಯ ಅಥವಾ ಕೈ ತೊಳೆದಿದ್ದರೇ ಅನ್ನುವ ಮಾಹಿತಿ, ಚೀಲ ಯಾರಿಂದ ಯಾರ ಕೈಗೆ ಹೋಯಿತು ಎಂಬ ಸಾಲು, ಎಲ್ಲವೂ ಇರಲಿ. ತೊಳೆಯುವ ಮುಂಚಿನ ಫೋಟೊದ ಮೂಲ ಫೈಲನ್ನು ಅಳಿಸದೆ, ತಿದ್ದದೆ ಇಡಿ. ಪರೀಕ್ಷೆ ಮುಗಿದ ಸ್ಟಬ್ಬುಗಳನ್ನು ಎಸೆಯದೆ ಮತ್ತೆ ಸೀಲ್ ಮಾಡಿ ಇಡಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕಣವನ್ನು ನಾಶ ಮಾಡುವುದಿಲ್ಲ, ಅದು ಕೂತ ಜಾಗದಲ್ಲೇ ಇರುತ್ತದೆ. ವರ್ಷಗಳ ಮೇಲೆ ಎದುರು ಪಕ್ಷದ ತಜ್ಞರು ಬಂದು ಕೇಳಿದರೆ, ಅದೇ ಕಣವನ್ನು ಅವರ ಕಣ್ಣಿಗೂ ತೋರಿಸಬಹುದು.